ಮೊಲಕ್ಕೆ ಬೇಕಿರುವುದು ಕಾಡಲ್ಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರನ್ನು ಕನ್ನಡದ ಗಾದೆ ಗೇಲಿ ಮಾಡುತ್ತದೆ. ಸಾಕುಮೊಲದ ಬಗ್ಗೆ ಬಹಳಷ್ಟು ಜನರ ತಿಳಿವಳಿಕೆಯೂ ಮೂರೇ ಕಾಲಿನದು: ಕ್ಯಾರೆಟ್ಟೇ ಊಟ, ಪಂಜರವೇ ಮನೆ, ಸಾಕಲಾಗದಿದ್ದರೆ ಕಾಡಿಗೆ ಬಿಟ್ಟರಾಯಿತು. ಮೂರೂ ತಪ್ಪು. ಮೂರನೆಯದಂತೂ ಕೊಲೆಗೆ ಸಮ.

ಕನ್ನಡದ ‘ಮೊಲ’ ಮತ್ತು ಮರಾಠಿಯ ‘ಸಸಾ’ ಎರಡು ಬೇರೆ ಪ್ರಾಣಿಗಳಿಗೆ ಒಂದೇ ಹೆಸರು. ಇಲ್ಲಿನ ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಅಂಗಡಿಯಲ್ಲಿ ಮಾರುವ ಮೊಲದ ಮೂಲ ಸ್ಪೇನ್, ಪೋರ್ಚುಗಲ್‌ಗಳ ಕಡೆಯದು. ಅದರ ಮರಿಗೆ ಹುಟ್ಟಿದಾಗ ಕಣ್ಣೂ ಇಲ್ಲ, ಕೂದಲೂ ಇಲ್ಲ. ಹೆಸರು ಒಂದೇ ಎಂದುಕೊಂಡು ಠಾಣೆಯ ಯೇವೂರಿನ ಕಾಡಿಗೋ ಖಾರ್‌ಘರ್ ಗುಡ್ಡಕ್ಕೋ ಬಿಟ್ಟರೆ, ಮನುಷ್ಯರ ಕೈಯಿಂದ ತಿಂದು ಬೆಳೆದ ಜೀವ ನಾಯಿಗೋ ಚಿರತೆಗೋ ತುತ್ತಾಗುತ್ತದೆ. ಬಿಟ್ಟವರಿಗೆ ಮಾತ್ರ ಪುಣ್ಯ ಮಾಡಿದ ಸಮಾಧಾನ.

ಡೊಂಬಿವಲಿ, ಕಲ್ಯಾಣದ ಫ್ಲ್ಯಾಟುಗಳಲ್ಲಿ ಮಕ್ಕಳ ಹಟಕ್ಕೆ ತಂದ ಮೊಲದ ಪಾಡು ಕ್ರೌರ್ಯಕ್ಕಿಂತ ಅಜ್ಞಾನದಿಂದ ಕೆಡುವುದೇ ಹೆಚ್ಚು. ಅದರ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಒಣಹುಲ್ಲು ಅಗಿಯದಿದ್ದರೆ ಸವೆಯುವುದಿಲ್ಲ, ಬಾಯಿಗೆ ಚುಚ್ಚುತ್ತದೆ. ಪಾದದಡಿ ನಾಯಿಗಿರುವಂಥ ಮೆತ್ತೆ ಇಲ್ಲ, ಹಾಗಾಗಿ ತಂತಿಯ ಮೇಲೆ ಕೂತು ಕೂತು ಹುಣ್ಣಾಗುತ್ತದೆ. ಅದು ಬೆವರುವುದಿಲ್ಲ, ಬಾಲ್ಕನಿಯ ಬಿಸಿಲೇ ಪ್ರಾಣಕ್ಕೆ ಎರವಾಗಬಹುದು.

ಇಂಥ ಮೊಲವನ್ನು ಎತ್ತಿ ತಂದರೆ ರಕ್ಷಣೆ ಮುಗಿಯಿತೆಂದಲ್ಲ, ಶುರುವಾಯಿತೆಂದರ್ಥ. ಹಸಿದಿದೆಯೆಂದು ಒಮ್ಮೆಲೇ ರಾಶಿ ಸೊಪ್ಪು ಸುರಿದರೆ ಭೇದಿ. ಮುಂದಿರಬೇಕಾದದ್ದು ಒಣಹುಲ್ಲು ಮತ್ತು ನೀರು. ಸೊಪ್ಪು ದಿನಕ್ಕಿಷ್ಟೇ ಎಂದು ನಿಧಾನಕ್ಕೆ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ನಿಂತರೆ ಅದು ತುರ್ತು ಸ್ಥಿತಿ; ಕರುಳು ಸ್ತಬ್ಧವಾಗುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕುಡಿಸಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೂ ಸಾಯಬಹುದು. ನಾಯಿ, ಬೆಕ್ಕು ನೋಡುವ ಎಲ್ಲ ವೈದ್ಯರಿಗೂ ಮೊಲದ ಅನುಭವವಿರುವುದಿಲ್ಲ, ಕೇಳಿಕೊಂಡೇ ಹೋಗಬೇಕು. ಭಯ ಬಿಡಲು ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಎತ್ತಿ ಮುದ್ದಾಡದೆ, ನೆಲದಲ್ಲಿ ಅದರ ಪಕ್ಕ ಸುಮ್ಮನೆ ಕೂರುವುದೇ ಆರೈಕೆ.

ಕಾನೂನಿಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೈ ಆಡಿಸಲಾಗದ ಪಂಜರವೂ ಅಪರಾಧ, ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದೂ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಸಾಕುಪ್ರಾಣಿ ಅಂಗಡಿಗಳು ನೋಂದಾಯಿಸಿಕೊಳ್ಳಬೇಕೆಂದು 2018ರ ನಿಯಮ ಹೇಳುತ್ತದೆ. ಅದು ಜಾರಿಯಾದರೆ ಅರ್ಧ ಕೆಲಸವಾದಂತೆ. ಉಳಿದರ್ಧ ಕೊಳ್ಳುವವರದು: ಚೆನ್ನಾಗಿ ಸಾಕಿದ ಮೊಲ ಎಂಟು, ಹತ್ತು ವರ್ಷ ಬದುಕುತ್ತದೆ. ಇಂದು ಹಟ ಮಾಡಿದ ಮಗು ಕಾಲೇಜು ಸೇರುವ ಹೊತ್ತಿಗೂ ಅದು ಮನೆಯಲ್ಲೇ ಇರುತ್ತದೆ. ಅಷ್ಟು ಕಾಲ ಹುಲ್ಲು ಹಾಕುವವರಾರು ಎಂದು ಅಂಗಡಿಯ ಮುಂದೆಯೇ ಕೇಳಿಕೊಂಡರೆ, ಎಷ್ಟೋ ಮೊಲಗಳಿಗೆ ರಕ್ಷಣೆಯ ಅಗತ್ಯವೇ ಬೀಳುವುದಿಲ್ಲ.