ಅಜ್ಜನ ಗದ್ದೆ, ಮೊಮ್ಮಗನ ಪಾಲು

ಸಿರಿತನ ಮೂರು ತಲೆಮಾರು ನಿಲ್ಲದೆಂದು ಹೇಳುವುದುಂಟು. ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನಲ್ಲಿ ಈ ಮಾತು ಅರ್ಧ ನಿಜ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರು ಜಮೀನಿದ್ದವನಿಗೆ ಬೆಳೆಯಾಯಿತು, ಇಲ್ಲದವನಿಗೆ ಕೂಲಿಯಾಯಿತು. ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು 1954ರಿಂದ ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1970ರಲ್ಲಿ ಮರಳಿ ಬಂದಾಗ ಊರಿನ ಸಂಪತ್ತು ಬೆಳೆದಿತ್ತು. ಬಡವ-ಬಲ್ಲಿದರ ಅಂತರವೂ ಬೆಳೆದಿತ್ತು. ನೀರು ಸಿಗದ ಹಳ್ಳಿಯವರು ಮಾತ್ರ ವ್ಯಾಪಾರ, ನೌಕರಿಗೆ ಹೊರಟಿದ್ದರು. ನಾಗಮಂಗಲ, ಕೆ.ಆರ್. ಪೇಟೆಯ ಒಣಭೂಮಿಯಿಂದ ಬೆಂಗಳೂರು, ಮುಂಬಯಿಗೆ ಹೋಗಿ ಗೆದ್ದವರೂ ಇದ್ದಾರೆ.

ಹತ್ತು ಎಕರೆ ಒಂಬತ್ತು ಮೊಮ್ಮಕ್ಕಳಿಗೆ ಪಾಲಾದರೆ ತಲೆಗೆ ಎಕರೆ ಚಿಲ್ಲರೆ. ಆದರೂ ಮನೆತನ ನಿಲ್ಲುವುದು ಮಕ್ಕಳನ್ನು ಓದಿಸಿದ್ದರಿಂದ. ಓದಿಸಿದ ಹಣ ಅದೇ ಗದ್ದೆಯದು. ಗದ್ದೆ ಹೋದರೂ ಅದರ ಫಲ ಹೋಗುವುದಿಲ್ಲ.

ತೋಟದವರಾದ ನಮಗೂ ಇದು ಅನ್ವಯ. 1974ರ ಭೂಸುಧಾರಣೆಯ ಮಿತಿ ಅಡಿಕೆ ತೋಟಕ್ಕೆ ತಗಲಿತು, ಕಾಫಿ ತೋಟಕ್ಕೆ ತಗಲಲಿಲ್ಲ. ಉಳಿದ ತೋಟವೇ ಇಂದಿಗೂ ಸಾಲಕ್ಕೆ ಆಧಾರ. ಪಹಣಿಯೇ ಇಲ್ಲದ ಕೂಲಿಯವರ ಮಗಳು ಏನನ್ನು ತೋರಿಸಬೇಕು? ಸಂಘದ ಲಾಭದಲ್ಲಿ ಒಂದಂಶವನ್ನು ಅಂಥ ಮಕ್ಕಳ ಓದಿಗೆ ಮೀಸಲಿಡುವ ವಿಷಯ ಮುಂದಿನ ಮಹಾಸಭೆಗೆ ಬರಲಿ. ಸದಸ್ಯ ಬಾಂಧವರು ಯೋಚಿಸಬೇಕು.