ಉಗುರಿನ ಕೆಲಸಕ್ಕೆ ಕೊಡಲಿ ಬೇಡ

ಜರ್ಮನಿಯ ಕನ್ನಡ ಮನೆಗಳಿಗೆ ಗಿನಿಪಿಗ್ ಬರುವ ದಾರಿ ನಿಮಗೆ ಗೊತ್ತೇ ಇದೆ. ಮಗು ಗೆಳತಿಯ ಮನೆಯಲ್ಲಿ ನೋಡಿ ಬರುತ್ತದೆ, ಆರು ತಿಂಗಳು ಗೋಗರೆಯುತ್ತದೆ, ನಾಯಿಗಿಂತ ಇದೇ ವಾಸಿ ಎಂದು ನೀವು ಒಪ್ಪಿಕೊಳ್ಳುತ್ತೀರಿ. ಇಲ್ಲಿ ಅದರ ಹೆಸರು ಮೇರ್‌ಶ್ವೈನ್‌ಶೆನ್, ಅಂದರೆ ಸಮುದ್ರದ ಪುಟ್ಟ ಹಂದಿ. ಅದು ಸಮುದ್ರದ್ದಲ್ಲ, ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ಆಂಡೀಸ್ ಪರ್ವತದ ಜನ ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ, ಇಲಿಯ ದೂರದ ನೆಂಟ. ಹುಲ್ಲು ಹಾಕುವುದು, ಸೊಪ್ಪು ತೊಳೆಯುವುದು, ಗೂಡು ಸ್ವಚ್ಛ ಮಾಡುವುದು ಎಲ್ಲ ವಾರದಲ್ಲೇ ಅಭ್ಯಾಸವಾಗುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಯಾರೂ ಮೊದಲೇ ಹೇಳದಿದ್ದ ಕೆಲಸವೊಂದು ಎದುರು ನಿಲ್ಲುತ್ತದೆ: ಉಗುರು ಕತ್ತರಿಸುವುದು.

ಗಟ್ಟಿ ನೆಲದಲ್ಲಿ ಓಡಾಡುವ ಪ್ರಾಣಿಯ ಉಗುರು ತಾನಾಗಿ ಸವೆಯುತ್ತದೆ. ನಮ್ಮ ಮನೆಗಳ ಮೆತ್ತನೆಯ ಹಾಸಿನಲ್ಲಿ ಅದು ಬೆಳೆಯುತ್ತಲೇ ಹೋಗಿ, ಸುರುಳಿ ಸುತ್ತಿ, ಪಾದವನ್ನು ಓರೆಯಾಗಿಸುತ್ತದೆ. ನಡಿಗೆ ಕೆಟ್ಟು, ಅಂಗಾಲಿನಲ್ಲಿ ಹುಣ್ಣಾಗುವುದೂ ಉಂಟು. ಆದ್ದರಿಂದ ನಾಲ್ಕರಿಂದ ಆರು ವಾರಕ್ಕೊಮ್ಮೆ ಉಗುರು ನೋಡಬೇಕು. ಮುಂಗಾಲಿಗೆ ತಲಾ ನಾಲ್ಕು ಬೆರಳು, ಹಿಂಗಾಲಿಗೆ ತಲಾ ಮೂರು. ಒಟ್ಟು 14.

ಬಹಳ ಮನೆಗಳಲ್ಲಿ ಇದು ಭಾನುವಾರದ ಯುದ್ಧ. ಅಪ್ಪ ಅಮುಕಿ ಹಿಡಿಯುತ್ತಾರೆ, ಅಮ್ಮ ಕತ್ತರಿಸುತ್ತಾರೆ, ಮಗು ಬಾಗಿಲ ಹಿಂದೆ ನಿಂತು ಅಳುತ್ತದೆ. ಗಿನಿಪಿಗ್ ಮೊದಲು ಕಿರುಚುತ್ತದೆ, ಆಮೇಲೆ ಒಮ್ಮೆಗೇ ಸುಮ್ಮನಾಗುತ್ತದೆ. "ನೋಡು, ಈಗ ಸಮಾಧಾನ ಆಯ್ತು" ಎಂದು ನಾವು ಕತ್ತರಿ ಓಡಿಸುತ್ತೇವೆ.

ಇಲ್ಲೇ ಸ್ವಲ್ಪ ನಿಲ್ಲಿ. ಗಿನಿಪಿಗ್ ಇನ್ನೊಬ್ಬರಿಗೆ ಆಹಾರವಾಗುವ ಪ್ರಾಣಿ. ಓಡಲು ದಾರಿಯಿಲ್ಲ ಎನಿಸಿದಾಗ ಅದು ಕಲ್ಲಿನಂತೆ ನಿಶ್ಚಲವಾಗುತ್ತದೆ. ನೋಡುವವರಿಗೆ ಅದು ಶಾಂತಿ, ಅದರ ಪಾಲಿಗೆ ಭಯದ ತುತ್ತತುದಿ. ದಿನವಿಡೀ ಅಳತೆಗಳ ನಡುವೆ ಕೆಲಸ ಮಾಡುವ ನನಗೆ ಇದು ಪರಿಚಿತ ಸಮಸ್ಯೆ: ಒಂದೇ ಅಂಕಿಗೆ ಎರಡು ಅರ್ಥವಿದ್ದರೆ, ಪಕ್ಕದ ಇನ್ನೂ ಎರಡು ಅಂಕಿಗಳನ್ನು ನೋಡಬೇಕು. ಹಾಗೆಯೇ ಇಲ್ಲಿ ಕಣ್ಣು ನೋಡಿ, ಬಾಯಿ ನೋಡಿ. ಕಣ್ಣು ಅರಳಿ ಬಿಳಿ ಕಾಣುತ್ತಿದೆಯೇ? ಮೈ ಬಿಗಿಯಾಗಿದೆಯೇ? ಕೊಟ್ಟ ಸೊಪ್ಪನ್ನು ಮೂಸದೆ ಬಿಟ್ಟಿದೆಯೇ? ಆಗ ಅದು ಹೆದರಿದೆ. ತಲೆಯನ್ನು ಮೇಲಕ್ಕೆ ಝಾಡಿಸಿದರೆ ಕೈ ತೆಗೆ ಎಂದರ್ಥ. ಹಲ್ಲು ಕಟಕಟ ಎಂದರೆ ಖಡಕ್ ಎಚ್ಚರಿಕೆ. ಸೊಪ್ಪು ಜಗಿಯುತ್ತಾ, ಮೈ ಸಡಿಲ ಬಿಟ್ಟು ಕೂತಿದ್ದರೆ ಮಾತ್ರ ನಿಜವಾದ ಸಮಾಧಾನ.

ಅದರ ಜೊತೆಗಾರನೂ ಪಕ್ಕದಲ್ಲಿರಲಿ. ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿ ನೋರ್ಬರ್ಟ್ ಸಾಕ್ಸರ್ ಮತ್ತು ಸಂಗಡಿಗರು ಗಿನಿಪಿಗ್‌ಗಳ ಒತ್ತಡದ ಹಾರ್ಮೋನನ್ನು ಅಳೆದು ನೋಡಿದ್ದಾರೆ. ಹೊಸ ಜಾಗದಲ್ಲಿ ಒಂಟಿಯಾಗಿ ಬಿಟ್ಟ ಗಂಡಿಗೆ ಅದು ಏರುತ್ತದೆ. ಒಡನಾಟವಿರುವ ಹೆಣ್ಣು ಜೊತೆಗಿದ್ದರೆ ಅಷ್ಟು ಏರುವುದಿಲ್ಲ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ ಒಂಟಿಯಾಗಿ ಸಾಕುವುದಕ್ಕೆ ಕಾನೂನಿನಲ್ಲೇ ಅವಕಾಶವಿಲ್ಲ. ಗೂಡಿನಲ್ಲಿ ಜೋಡಿಯಾಗಿರುವವನ್ನು ಉಗುರು ಕತ್ತರಿಸುವಾಗ ಮಾತ್ರ ಬೇರೆ ಮಾಡುವುದು ಯಾಕೆ?

ಈಗ ಕೆಲಸಕ್ಕೆ ಬರೋಣ. ಮೊದಲ ವಾರ ಕತ್ತರಿ ಮುಟ್ಟಲೇಬೇಡಿ. ದಿನಕ್ಕೆರಡು ನಿಮಿಷ ನೆಲದ ಮೇಲೆ ಕೂತು, ತೊಡೆಯ ಮೇಲೆ ಟವೆಲ್ ಹಾಸಿ, ಗಿನಿಪಿಗ್ ಕೂರಿಸಿಕೊಳ್ಳಿ. ಸೋಫಾ, ಮೇಜು ಬೇಡ. ಅಷ್ಟೆತ್ತರದಿಂದ ಬಿದ್ದರೂ ಮೂಳೆ ಮುರಿಯಬಹುದು. ಒಂದು ಪಾದ ಮುಟ್ಟಿ, ಬಿಡಿ, ಒಂದೆಸಳು ಕೊತ್ತಂಬರಿ ಕೊಡಿ. ದೊಣ್ಣೆಮೆಣಸಿನಕಾಯಿಯ ಚೂರು ಇನ್ನೂ ಒಳ್ಳೆಯದು. ನಮ್ಮ ಹಾಗೆ ಗಿನಿಪಿಗ್‌ಗೂ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ, ತಿಂದೇ ಪಡೆಯಬೇಕು.

ಎರಡನೇ ವಾರ ಕತ್ತರಿ. ಬೆಕ್ಕಿನ ಅಥವಾ ಸಣ್ಣ ಪ್ರಾಣಿಗಳ ಉಗುರಿಗೆಂದೇ ಮಾಡಿದ, ಹರಿತವಾದ ಚಿಕ್ಕ ಕತ್ತರಿ ಇರಲಿ. ಮೊಂಡು ಕತ್ತರಿ ಉಗುರನ್ನು ಸೀಳುತ್ತದೆ. ಉಗುರಿನ ಒಳಗೆ ರಕ್ತನಾಳವೂ ನರವೂ ಇರುವ ಭಾಗವಿದೆ. ಮಕ್ಕಳಿಗೆ "ಜೀವ ಇರುವ ಜಾಗ" ಎಂದು ಹೇಳಿಕೊಡಿ. ಬಿಳಿ ಉಗುರಿನಲ್ಲಿ ಅದು ಗುಲಾಬಿ ಗೆರೆಯಾಗಿ ಕಾಣುತ್ತದೆ. ಕಪ್ಪು ಉಗುರಾದರೆ ಕೆಳಗಿನಿಂದ ಟಾರ್ಚ್ ಹಿಡಿಯಿರಿ. ಆಗಲೂ ಕಾಣದಿದ್ದರೆ ಬರೀ ತುದಿ ತೆಗೆಯಿರಿ. ಗೆರೆಗಿಂತ ಒಂದೆರಡು ಮಿಲಿಮೀಟರ್ ಆಚೆಗೇ ಕತ್ತರಿಸಬೇಕು. ಬಹಳ ಬೆಳೆದ ಉಗುರಿನಲ್ಲಿ ಆ ಗೆರೆಯೂ ಮುಂದಕ್ಕೆ ಬಂದಿರುತ್ತದೆ. ಒಂದೇ ಸಲ ಗಿಡ್ಡ ಮಾಡಲು ಹೋಗದೆ ಆಗಾಗ ಸ್ವಲ್ಪ ಸ್ವಲ್ಪ ತೆಗೆದರೆ ಅದು ಹಿಂದೆ ಸರಿಯುತ್ತದೆ.

ಬೆನ್ನ ಮೇಲೆ ಮಲಗಿಸಬೇಡಿ. ಆಗ ಅದು ಅಲುಗಾಡದೆ ಇರುತ್ತದೆ ನಿಜ, ಆದರೆ ಅದು ಮೊದಲು ಹೇಳಿದ ಭಯದ ನಿಶ್ಚಲತೆಯೇ. ತೊಡೆಯ ಮೇಲೆ ಕೂತಿದ್ದಂತೆಯೇ ಒಂದೊಂದು ಪಾದ ಹೊರಗೆ ತೆಗೆದರೆ ಸಾಕು. ಹಿಂಗಾಲಿಗೆ ಬೇಕಾದರೆ ನಿಮ್ಮ ಎದೆಗೆ ಒರಗಿಸಿ, ಕೆಳಗಿನಿಂದ ಅಂಗೈ ಆಸರೆ ಕೊಡಿ.

ಪಕ್ಕದಲ್ಲಿ ಸ್ಟಿಪ್ಟಿಕ್ ಪೌಡರ್ ಎಂಬ, ರಕ್ತ ನಿಲ್ಲಿಸುವ ಪುಡಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರ್. ರಕ್ತ ಬಂದರೆ ಪುಡಿ ಹಚ್ಚಿ, ಸ್ವಚ್ಛ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಉಗುರು ಬುಡದಿಂದ ಕಿತ್ತಿದ್ದರೆ, ಅಂಗಾಲು ಕೆಂಪಾಗಿ ಊದಿದ್ದರೆ ಅಥವಾ ಉಗುರು ಚರ್ಮದೊಳಗೆ ಚುಚ್ಚಿಕೊಂಡಿದ್ದರೆ ಅದು ಮನೆಯ ಕೆಲಸವಲ್ಲ, ಪಶುವೈದ್ಯರದು.

ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ: ದಿನಕ್ಕೆ ಎರಡೇ ಉಗುರು. ಏಳು ದಿನಕ್ಕೆ ಹದಿನಾಲ್ಕೂ ಮುಗಿಯುತ್ತದೆ. ಹೆದರುವಷ್ಟು ಹೊತ್ತು ಯಾವ ದಿನವೂ ಆಗುವುದಿಲ್ಲ. ಊರಿನಿಂದ ವಿಡಿಯೋ ಕಾಲಿನಲ್ಲಿ ನೋಡುತ್ತಿರುವ ಅಜ್ಜಿ, ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು ಎಂದರೆ ಒಪ್ಪಿಕೊಳ್ಳಿ. ಬುಧವಾರ ಶುರು ಮಾಡಿದರೆ ಒಂಬತ್ತು ದಿನಕ್ಕೆ ಮುಗಿಯುತ್ತದೆ, ಏನೂ ನಷ್ಟವಿಲ್ಲ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬೇಡಿ ಎಂಬ ಅವರ ಮಾತಂತೂ ಇಲ್ಲಿ ಪೂರ್ತಿ ಸರಿ: ಗುಲಾಬಿ ಗೆರೆ ಹಗಲು ಬೆಳಕಿನಲ್ಲೇ ಚೆನ್ನಾಗಿ ಕಾಣುವುದು.

ಮಗುವಿಗೇನು ಕೆಲಸ? ಕತ್ತರಿ ದೊಡ್ಡವರ ಕೈಯಲ್ಲೇ ಇರಲಿ. ನಾಲ್ಕೈದು ವರ್ಷದವರು ಸೊಪ್ಪು ಕೊಡಲಿ, ಆರೇಳರವರು ಟಾರ್ಚ್ ಹಿಡಿಯಲಿ, ಉಗುರು ಎಣಿಸಲಿ. ನಮ್ಮ ಮಕ್ಕಳ ಕನ್ನಡದ ಎಣಿಕೆ ಹತ್ತರ ಮೇಲೆ ತಡವರಿಸುವುದು ನಿಮಗೂ ಗೊತ್ತು. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕಕ್ಕೆ ಇಲ್ಲಿ ತಿಂಗಳು ತಿಂಗಳೂ ಕೆಲಸವಿದೆ.

ಆದರೆ ನಾನು ಮಗುವಿಗೆ ಕೊಡಬೇಕೆನ್ನುವ ದೊಡ್ಡ ಕೆಲಸ ಬೇರೆ: "ಸಾಕು" ಎನ್ನುವ ಅಧಿಕಾರ. ಗಿನಿಪಿಗ್‌ನ ಕಣ್ಣು, ಬಾಯಿ, ಮೈ ನೋಡುತ್ತಾ ಕೂರುವುದು ಮಗು. ಜಗಿಯುವುದು ನಿಂತಿತು, ತಲೆ ಝಾಡಿಸಿತು ಎಂದು ಕಂಡ ಕೂಡಲೇ ಅದು "ಸಾಕು" ಎನ್ನಬೇಕು. ನೀವು ತಕ್ಷಣ ಕತ್ತರಿ ಕೆಳಗಿಡಬೇಕು. "ಇನ್ನೊಂದೇ ಒಂದು" ಎನ್ನುವ ಹಾಗಿಲ್ಲ.

ಇದನ್ನು ಕನ್ನಡದಲ್ಲೇ ಮಾಡಿ ಎನ್ನುವುದಕ್ಕೆ ಕಾರಣವಿದೆ. ಹೊರನಾಡಿನ ನಮ್ಮ ಮನೆಗಳಲ್ಲಿ ಕನ್ನಡ ಬಹುಪಾಲು ಅಪ್ಪಣೆಯ ಭಾಷೆ: ಬೇಗ ಎದ್ದೇಳು, ಹಲ್ಲುಜ್ಜು, ಶೂ ಹಾಕು, ಆಂಟಿಗೆ ಕನ್ನಡದಲ್ಲಿ ಹೇಳು. ಆ ಕೊನೆಯದಕ್ಕೆ ಮಗು ಸುಮ್ಮನೆ ನಿಂತುಬಿಡುತ್ತದೆ. ನಾವು "ನಾಚಿಕೆ" ಎಂದು ನಕ್ಕು ಮುಂದೆ ಹೋಗುತ್ತೇವೆ. ಆ ನಿಶ್ಚಲತೆ ಎಲ್ಲ ಸಲವೂ ನಾಚಿಕೆಯಲ್ಲ. ಗಿನಿಪಿಗ್‌ನ ಮುಂದೆ ಕೂತಾಗ ಭಾಷೆಯ ದಿಕ್ಕು ತಿರುಗುತ್ತದೆ. ಮಗುವಿನ ಒಂದು ಕನ್ನಡದ ಮಾತಿಗೆ ದೊಡ್ಡವರ ಕೈ ನಿಲ್ಲುತ್ತದೆ. ಮೆಲ್ಲಗೆ, ಹೆದರಬೇಡ, ಆಯ್ತು ಕಂದ, ಇನ್ನು ಎರಡು ನಾಳೆ ಎಂದು ಮಗುವೇ ಸಣ್ಣ ದನಿಯಲ್ಲಿ ಸಮಾಧಾನ ಹೇಳುತ್ತದೆ. ಕೇಳಿಸಿಕೊಳ್ಳುವ ಪ್ರಾಣಿ ವ್ಯಾಕರಣ ತಿದ್ದುವುದಿಲ್ಲ. ನೀವೂ ಅಲ್ಲಿ ತಿದ್ದಬೇಡಿ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಈ ವಾರ ಟವೆಲ್ ಹಾಸಿ, ಕೊತ್ತಂಬರಿಯ ಎರಡು ಕಡ್ಡಿ ಇಟ್ಟುಕೊಂಡು, ಪಾದ ಮುಟ್ಟಿ ಬಿಡುವುದರಿಂದ ಶುರು ಮಾಡಿ. ಕತ್ತರಿ ಮುಂದಿನ ವಾರಕ್ಕಿರಲಿ.