ಗಣಕಯಂತ್ರದ ನಮೂನೆಯೂ ಹೊಲದ ಅನುಭವವೂ

ಕೂರಿಗೆಯ ಬಟ್ಟಲಿನಿಂದ ಕಾಳು ಸಮನಾಗಿ ಇಳಿಯುವುದೋ ಇಲ್ಲವೋ ಎಂಬುದನ್ನು ಜಾಣ ಒಕ್ಕಲಿಗನು ಬಿತ್ತುವ ಮುಂಚೆಯೇ ನೋಡಿಕೊಳ್ಳುವನು. ಹದ ಮೀರಿದ ಮೇಲೆ ತಿಳಿದುಬಂದ ದೋಷವನ್ನು ಆ ವರ್ಷ ತಿದ್ದಲಾಗದು. ಸರಕಾರವು ರೈತರಿಗಾಗಿ ಗಣಕಯಂತ್ರದ ಮೂಲಕ ಏರ್ಪಡಿಸುವ ಸೇವೆಗಳಿಗೂ ಇದೇ ನ್ಯಾಯವು ಸಲ್ಲತಕ್ಕದ್ದು.

ಇಂಥ ಸೇವೆಯ ಪ್ರತಿಯೊಂದು ನಮೂನೆಯೂ ಕೆಲವು ಊಹೆಗಳ ಮೇಲೆ ನಿಂತಿರುವುದು. ಒಂದು ಹೊಲಕ್ಕೆ ಒಂದೇ ಬೆಳೆ; ಉತಾರದಲ್ಲಿ ಹೆಸರಿದ್ದವನೇ ಸಾಗುವಳಿದಾರ; ಕ್ಷೇತ್ರದ ಲೆಕ್ಕವೆಲ್ಲ ಎಕರೆ-ಗುಂಟೆಗಳಲ್ಲಿಯೇ. ಕಚೇರಿಯಲ್ಲಿ ಕುಳಿತವರಿಗೆ ಇವು ಸಹಜವಾಗಿಯೇ ತೋರುವವು. ಆದರೆ ಹುಬ್ಬಳ್ಳಿ, ಕುಂದಗೋಳಗಳ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಗಳನ್ನು ಒಂದೇ ಹೊಲದಲ್ಲಿ ಬೆಳೆಯುವ ರೂಢಿಯು ಬಹುಕಾಲದ್ದು. ಉಳ್ಳಾಗಡ್ಡಿಯನ್ನು ಮೊದಲು ಕೀಳುವರು. ಮೆಣಸಿನಕಾಯಿಯನ್ನು ಅನಂತರ ಬಿಡಿಸುವರು. ಹತ್ತಿಯು ಕಡೆಯವರೆಗೂ ನಿಲ್ಲುವುದು. ಒಂದೇ ದಿವಸ ನೋಡಿ ಒಂದೇ ಹೆಸರನ್ನು ಬರೆದರೆ ಉಳಿದೆರಡು ಬೆಳೆಗಳು ದಾಖಲೆಯಿಂದ ಮಾಯವಾಗುವವು. ಉತಾರವು ಅಣ್ಣನ ಹೆಸರಿನಲ್ಲಿದ್ದು ಉಳುಮೆಯು ತಮ್ಮನದಾಗಿರುವುದೂ, ಹೊಲವನ್ನು ಲಾವಣಿಗೆ ಕೊಟ್ಟಿರುವುದೂ, ಹಿರಿಯರು ಕೂರಿಗೆಯ ಲೆಕ್ಕದಲ್ಲಿಯೇ ಮಾತಾಡುವುದೂ ಊರವರಿಗೆಲ್ಲ ತಿಳಿದ ಸಂಗತಿಗಳೇ.

2020ರ ಮುಂಗಾರಿನಲ್ಲಿ ರೈತರು ತಮ್ಮ ಬೆಳೆಯನ್ನು ಮೊಬೈಲಿನಲ್ಲಿ ತಾವೇ ದಾಖಲಿಸುವ ಏರ್ಪಾಡು ಕರ್ನಾಟಕದಲ್ಲಿ ಬಂದಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ನಷ್ಟಪರಿಹಾರ ಇವೆಲ್ಲಕ್ಕೂ ಬೆಳೆ ಸಮೀಕ್ಷೆಯ ದಾಖಲೆಯೇ ಆಧಾರ. ಆದಕಾರಣ ಕಾಲಮಿನ ತಪ್ಪು ಕಾಗದದಲ್ಲಿಯೇ ನಿಲ್ಲದೆ ರೈತನ ಉಣ್ಣುವ ತಾಟಿನವರೆಗೆ ಬರುವುದು.

ಇದಕ್ಕೆ ಉಪಾಯವೇನು? ನಮೂನೆಯನ್ನು ನಾಡಿಗೆಲ್ಲ ಹರಡುವ ಮುನ್ನ ಬಲ್ಲವರ ಮುಂದಿಟ್ಟು ಒರೆಗೆ ಹಚ್ಚುವುದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬೇಸಾಯ ತಜ್ಞರು ಬಲ್ಲವರು ನಿಜ. ಊರೂರು ತಿರುಗಿ ಪಹಣಿ ಬರೆದವರೂ ಬಲ್ಲವರೇ. ನಲವತ್ತು ಮುಂಗಾರುಗಳನ್ನು ಕಂಡ ಒಕ್ಕಲಿಗನೂ ಬಲ್ಲವನೇ. ‘ಭೂಮಿ’ ಯೋಜನೆಯಲ್ಲಿ, 2002ರ ಸುಮಾರಿಗೆ, ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಆಗ ಅಚ್ಚಾದ ಪ್ರತಿಗಳನ್ನು ಗ್ರಾಮಲೆಕ್ಕಿಗರ ಕೈಗೆ ಕೊಟ್ಟು ಮೂಲ ದಫ್ತರದೊಡನೆ ತಾಳೆ ನೋಡಿಸಲಾಯಿತು. ಅಂಕಿಗಳಿಗೆ ತೋರಿದ ಈ ಎಚ್ಚರವನ್ನು ನಮೂನೆಯ ಊಹೆಗಳಿಗೂ ತೋರತಕ್ಕದ್ದು.

ಇದರಿಂದ ಕಾಲಹರಣವಾಗುವುದೆಂದು ಕೆಲವರು ಹೇಳುವರು. ನಾಲ್ಕು ಊರುಗಳಲ್ಲಿ ಒಂದು ಹಂಗಾಮು ಪರೀಕ್ಷಿಸುವುದು ಹೆಚ್ಚಿನದೋ, ಲಕ್ಷಾಂತರ ದಾಖಲೆಗಳನ್ನು ಆಮೇಲೆ ತಿದ್ದುತ್ತ ರೈತರನ್ನು ತಾಲೂಕು ಕಚೇರಿಗೆ ಅಲೆಸುವುದು ಹೆಚ್ಚಿನದೋ, ವಿಚಾರವಂತರು ತೂಗಿ ನೋಡಲಿ.

ಊರ ಪ್ರಮುಖರ ಹೊಣೆಯೂ ಇಲ್ಲಿ ಸಣ್ಣದಲ್ಲ. ಇಲಾಖೆಯವರು ನಮೂನೆಯನ್ನು ತಂದು ತೋರಿಸಿದಾಗ ಮರ್ಯಾದೆಗಾಗಿ ‘ಎಲ್ಲವೂ ಸರಿ’ ಎನ್ನುವುದು ಉಪಕಾರವಲ್ಲ. ಅವರನ್ನು ಹೊಲಕ್ಕೆ ಕರೆದೊಯ್ದು, ಲಾವಣಿದಾರನನ್ನೂ ಕಳೆ ತೆಗೆಯುವ ಹೆಣ್ಣುಮಕ್ಕಳನ್ನೂ ಮಾತಾಡಿಸಿ, ತಪ್ಪಿದ್ದಲ್ಲಿ ತಪ್ಪೆಂದೇ ಹೇಳುವುದು ಊರಿಗೂ ಸರಕಾರಕ್ಕೂ ಹಿತವು.